ಕೆಆರ್‌ಎಸ್ ಹಿನ್ನೀರಲ್ಲಿ ಟ್ರೋಲಿಂಗ್: ಮೊದಲು ಬೋಟು, ಆಮೇಲೆ ಇಂಜಿನ್ನು, ಕೊನೇಲಿ ಲ್ಯೂರು

ಬೆಳಿಗ್ಗೆ ಐದಕ್ಕೇ ಎದ್ದು ಸಾಗರಕಟ್ಟೆ ಕಡೆ ಬೋಟ್ ಇಳಿಸಿ ಹನ್ನೊಂದು ಗಂಟೆ ತನಕ ಲ್ಯೂರ್ (ಮೀನಿನ ಥರ ಈಜೋ ನಕಲಿ ಎರೆ) ಎಳೆದ್ವಿ, ಒಂದು ಮೀನೂ ಹೊಡೀಲಿಲ್ಲ, ವಾಪಸ್ ಬರ್ತಾ ಇಂಜಿನ್ ಬೇರೆ ಬಿಸಿ ಆಗಿ ನಿಂತೋಯ್ತು. ಮೈಸೂರಿನೋರು, ಕೆ.ಆರ್. ನಗರದೋರು, ಪಾಂಡವಪುರದೋರು ಒಬ್ಬರಾದ್ಮೇಲೆ ಒಬ್ಬರು ಇದನ್ನೇ ಹೇಳ್ತಾ ಇದಾರೆ. ಕೂರಿಸ್ಕೊಂಡು ಏನೇನ್ ಮಾಡಿದ್ರಿ ಅಂತ ಕೇಳಿದ್ರೆ ಎಲ್ಲರ ಕಥೆನೂ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ: ಮೊದಲು ಲ್ಯೂರ್ ತಗೊಂಡಿರ್ತಾರೆ, ಆಮೇಲೆ ರಾಡು ರೀಲು, ಬೋಟು ಇಂಜಿನ್ ಕಡೆ ಕಣ್ಣು ಹಾಯ್ಸೋದು ನೀರಿಗೆ ಇಳಿಸಿದ್ಮೇಲೆ.

ಟ್ರೋಲಿಂಗ್ ಅಂದ್ರೆ ಓಡೋ ಬೋಟಿನ ಹಿಂದೆ ಲ್ಯೂರ್ ಎಳ್ಕೊಂಡು ಹೋಗಿ ಮೀನು ಹಿಡಿಯೋದು, ಅದ್ರಲ್ಲಿ ಲ್ಯೂರ್ ಈಜಿಸೋದು ಇಂಜಿನ್ನು ಸ್ವಾಮಿ. ದಡದಲ್ಲಿ ನಿಂತು ಬೀಸೋವಾಗ ನಿಮ್ಮ ಕೈ ಮಾಡೋ ಕೆಲಸಾನ ಇಲ್ಲಿ ಇಂಜಿನ್ ಮಾಡ್ತಿರುತ್ತೆ. ಅದು ನಿಧಾನಕ್ಕೆ, ಒಂದೇ ಸಮ ಓಡಲಿಲ್ಲ ಅಂದ್ರೆ ಎಷ್ಟು ರೇಟಿನ ಲ್ಯೂರ್ ಕಟ್ಟಿದ್ರೂ ಪ್ರಯೋಜನ ಇಲ್ಲ. ಅದಕ್ಕೇ ಕೆಳಗಿನ ಆರ್ಡರ್ ಬದಲಾಯಿಸ್ಬೇಡಿ.

ಜೊತೇಲಿ ಇರ್ಲೇಬೇಕಾದ ಸಾಮಾನು

ಪ್ಲಗ್ ಸ್ಪ್ಯಾನರ್ ಜೊತೆ ಒಂದು ಎಕ್ಸ್‌ಟ್ರಾ ಸ್ಪಾರ್ಕ್ ಪ್ಲಗ್, ಪ್ರೊಪೆಲ್ಲರ್‌ದು ಶಿಯರ್ ಪಿನ್ (ಏನಾದ್ರೂ ತಗುಲಿದ್ರೆ ತಾನು ಮುರಿದು ಗೇರ್ ಉಳಿಸೋ ಪಿನ್) ಮತ್ತೆ ಕಾಟರ್ ಪಿನ್ (ಪ್ರೊಪೆಲ್ಲರ್ ಕಳಚದಂಗೆ ತಡೆಯೋ ಪಿನ್, ಎರಡೂ ಎರಡೆರಡು ಇರ್ಲಿ), ಕಟಿಂಗ್ ಪ್ಲೇಯರ್, ಚಾಕು, ಅಗಲ ಬಾಯಿನ ಸ್ಕ್ರೂಡ್ರೈವರ್, ನೀರು ಎತ್ತಿ ಹಾಕೋಕೆ ಮಗ್ಗು, ಹುಟ್ಟು, 20 ಮೀಟರ್ ಹಗ್ಗ, ಮತ್ತೆ ಕೊಕ್ಕೆಗೆ ತಗಲಿ ಹಾಕಿ ತೂಕ ನೋಡೋ ಸಣ್ಣ ಸ್ಕೇಲ್. ಲೈಫ್ ಜಾಕೆಟ್ ಬೋಟಲ್ಲಿ ಬಿದ್ದಿದ್ರೆ ಸಾಲ್ದು, ಮೈಮೇಲೆ ಇರ್ಬೇಕು. ಹಿನ್ನೀರಲ್ಲಿ ದಡ ಹತ್ರ ಇದ್ದಂಗೆ ಕಾಣುತ್ತೆ, ಬಟ್ಟೆ ಶೂ ಹಾಕ್ಕೊಂಡು ಈಜೋಕೆ ಹೋದಾಗ ಗೊತ್ತಾಗುತ್ತೆ ಎಷ್ಟು ದೂರ ಅಂತ.

ಹಂತ 1: ಎಲ್ಲಿ, ಯಾವಾಗ, ಯಾವ ಮೀನಿಗೆ

ಮೀನುಗಾರಿಕೆ ಇಲಾಖೆ ಆಫೀಸಿಗೆ ಹೋಗಿ ಲೈಸೆನ್ಸ್ ಕೇಳಿ, ಯಾವ ಭಾಗಕ್ಕೆ ಪರ್ಮಿಷನ್ ಇದೆ, ಮೊಟ್ಟೆ ಇಡೋ ಕಾಲದಲ್ಲಿ ಯಾವಾಗಿಂದ ಯಾವಾಗಿನ ತನಕ ಹಿಡಿಯೋ ಹಾಗಿಲ್ಲ ಅಂತಾನೂ ಅಲ್ಲೇ ಕೇಳ್ಕೊಳ್ಳಿ. ಡ್ಯಾಮ್ ಗೇಟ್ ಕಡೆ ಬೋಟ್ ತಿರುಗಿಸ್ಲೇಬೇಡಿ. ರಂಗನತಿಟ್ಟು ಪಕ್ಷಿಧಾಮ, ಅಲ್ಲಿ ಮೊಸಳೆನೂ ಇದಾವೆ. ಕಬಿನಿ ಹಿನ್ನೀರಲ್ಲಿ ನಾಗರಹೊಳೆ ಕಾಡಿಗೆ ಸೇರಿದ ಕಡೆನೂ ಹೋಗ್ಬೇಡಿ.

ಇನ್ನು ಮೀನು. ಇಲ್ಲೇ ತುಂಬ ಜನ ಎಡವ್ತಾರೆ. ಕಟ್ಲಾ ತಿನ್ನೋದು ನೀರಿನ ಮೇಲ್ಗಡೆ ತೇಲೋ ಸಣ್ಣ ಸಣ್ಣ ಜೀವಿಗಳನ್ನ, ರೋಹು ಮಧ್ಯದಲ್ಲಿ ಪಾಚಿ ಸೊಪ್ಪು ಮೇಯುತ್ತೆ, ಮೃಗಾಲ್ ತಳದ ಕೆಸರಲ್ಲಿ ಹುಡುಕ್ಕೊಂಡು ತಿನ್ನುತ್ತೆ. ಇವು ಮೂರಕ್ಕೂ ಓಡೋ ಲ್ಯೂರ್ ಬೇಕಾಗಿಲ್ಲ, ಬೇಕಿದ್ರೆ ದಡದಲ್ಲಿ ಹಿಟ್ಟಿನುಂಡೆ ಹಾಕಿ ಕೂತ್ಕೊಳ್ಳಿ. ಟ್ರೋಲಿಂಗ್‌ಗೆ ಬರೋದು ಬೇಟೆ ಆಡೋ ಮೀನು, ಅದ್ರಲ್ಲಿ ಮುಖ್ಯವಾಗಿ ಬಾಳೆ ಮೀನು. ಬಾಯಿ ದೊಡ್ಡದು, ಹಲ್ಲು ಚಿಕ್ಕದಾದ್ರೂ ಚೂಪು, ಬೆಳಕು ಕಮ್ಮಿ ಇರೋ ಹೊತ್ತಲ್ಲೇ ಜಾಸ್ತಿ ತಿರುಗುತ್ತೆ. ಅದಕ್ಕೇ ಸೂರ್ಯ ಹುಟ್ಟೋ ಮುಂಚಿನಿಂದ ಎರಡು ಗಂಟೆ, ಸಂಜೆ ಕೊನೇ ಗಂಟೆ ಒಳ್ಳೇ ಹೊತ್ತು. ಕೊರವ ಮೀನು ಸೊಪ್ಪಿನ ಸಂದೀಲಿ ಅವಿತಿರುತ್ತೆ, ಅದನ್ನ ಎಸೆದು ಹಿಡೀಬೇಕು, ಎಳೆದು ಸಿಗೋದು ಅಪರೂಪ. ಕಾವೇರಿಯ ಕಿತ್ತಳೆ ರೆಕ್ಕೆ ಮಹಶೀರ್ ಏನಾದ್ರೂ ಸಿಕ್ರೆ ನೀರಿಂದ ಎತ್ತದೇನೇ ಕೊಕ್ಕೆ ಬಿಡಿಸಿ ಬಿಟ್ಬಿಡಿ. 2018ರಲ್ಲಿ ಅದನ್ನ ಅಳಿವಿನಂಚಿನಲ್ಲಿ ತೀರಾ ಗಂಭೀರ ಸ್ಥಿತಿಯಲ್ಲಿರೋ ಜಾತಿಗಳ ಪಟ್ಟಿಗೆ ಸೇರಿಸಿದಾರೆ.

ಕೊಡಗಲ್ಲಿ ಮಳೆ ಜೋರಾಗಿ ಜುಲೈ ಆಗಸ್ಟ್‌ನಲ್ಲಿ ಕೆಂಪು ನೀರು ಬರೋವಾಗ ಸುಮ್ನೆ ಮನೇಲಿರಿ. ಟೆಸ್ಟ್ ಸಿಂಪಲ್: ಬಿಳಿ ಲ್ಯೂರ್‌ನ ಬೋಟ್ ಪಕ್ಕದಲ್ಲಿ ಒಂದಡಿ ಆಳಕ್ಕೆ ಬಿಡಿ, ಕಾಣಿಸ್ಲಿಲ್ಲ ಅಂದ್ರೆ ಮೀನಿಗೂ ಕಷ್ಟ.

ಹಂತ 2: ಬೋಟಿನ ತಳ ನೋಡೋದು

ನಮ್ಮ ಕಡೆ ಜಾಸ್ತಿ ಇರೋದು ಫೈಬರ್ ಬೋಟ್, ಅದನ್ನೇ ಹೇಳ್ತೀನಿ. (ತೆಪ್ಪಕ್ಕೆ ಇಂಜಿನ್ ಕಟ್ಟೋ ಐಡಿಯಾ ಬೇಡ. ಅದು ದುಂಡಗಿದೆ, ನೇರ ಹೋಗೋಕಂತ ಮಾಡಿರೋದಲ್ಲ, ಗಿರಗಿರ ತಿರುಗುತ್ತೆ.)

ಬೋಟ್ ಮಗುಚಿ ಹಾಕಿ ತೊಳೆದು ಒಣಗಿಸಿ, ಒಂದು ನಾಣ್ಯ ತಗೊಂಡು ತಳದ ಉದ್ದಕ್ಕೂ ಟಕ್ ಟಕ್ ಅಂತ ಬಡೀತಾ ಹೋಗಿ. ಗಟ್ಟಿ ಇರೋ ಕಡೆ ಸದ್ದು ಚುರುಕಾಗಿ ಬರುತ್ತೆ, ಪದರ ಬಿಟ್ಟಿರೋ ಕಡೆ ಡಬ್ ಅಂತ ಮಂಕಾಗಿ ಬರುತ್ತೆ. ಅಲ್ಲಿಗೆ ಚಾಕ್‌ಪೀಸಲ್ಲಿ ಗುರುತು ಹಾಕಿ. ಮೇಲಿನ ಬಣ್ಣದ ಪದರದಲ್ಲಿ ಕೂದಲೆಳೆ ಥರ ಬಿರುಕಿದ್ರೆ ಗಾಬರಿ ಬೇಡ, ಆದ್ರೆ ಒಳಗಿನ ನಾರು ಕಂಡ್ರೆ ಆ ಜಾಗ ನೀರು ಕುಡೀತಾ ಇದೆ ಅಂತ ಅರ್ಥ.

ರಿಪೇರಿಲಿ ಜನ ಮಾಡೋ ದೊಡ್ಡ ತಪ್ಪು ಒದ್ದೆ ಮೇಲೇನೇ ರೆಸಿನ್ (ಫೈಬರ್ ಅಂಟಿಸೋ ದ್ರವ) ಬಳಿಯೋದು. ನಾಲ್ಕೈದು ದಿನ ಬಿಸಿಲು ಗಾಳಿಗೆ ಬಿಟ್ಟು ಪೂರ್ತಿ ಒಣಗಿಸಿ, ಕೆಟ್ಟಿರೋ ಭಾಗಾನ ಗ್ರೈಂಡರ್‌ನಲ್ಲಿ ಇಳಿಜಾರಾಗಿ ಉಜ್ಜಿ (ಹಳ್ಳ ಸೆಂಟಿಮೀಟರ್ ಆಳ ಇದ್ರೆ ಸುತ್ತ ಹತ್ತು ಹನ್ನೆರಡು ಸೆಂಟಿಮೀಟರ್ ಅಗಲಕ್ಕೆ ಇಳಿಜಾರು ಇರ್ಲಿ, ಆಗ್ಲೇ ಹೊಸ ಪದರ ಹಿಡ್ಕೊಳ್ಳೋದು), ಅಸಿಟೋನ್ ಹಾಕಿ ಒರೆಸಿ, ಆಮೇಲೆ ಮ್ಯಾಟ್ (ಗಾಜಿನ ನಾರಿನ ಹಾಸು) ಇಟ್ಟು ರೆಸಿನ್ ಬಳೀರಿ. ಮಾಸ್ಕ್, ಕನ್ನಡಕ ಹಾಕ್ಕೊಂಡೇ ಉಜ್ಜಿ, ಆ ಧೂಳು ಪುಪ್ಪುಸಕ್ಕೆ ಬಹಳ ಕೆಟ್ಟದ್ದು.

ಇದನ್ನ ಎರಡು ಸಲ ಓದಿ: ಕೋಬಾಲ್ಟ್ (ರೆಸಿನ್ ಬೇಗ ಗಟ್ಟಿ ಆಗ್ಲಿ ಅಂತ ಹಾಕೋ ದ್ರವ) ಮತ್ತೆ ಹಾರ್ಡ್‌ನರ್ ಎರಡನ್ನೂ ನೇರವಾಗಿ ಒಂದಕ್ಕೊಂದು ಸೇರಿಸ್ಲೇಬಾರ್ದು, ಬೆಂಕಿ ಹೊತ್ಕೊಂಡು ಸಿಡಿಯುತ್ತೆ. ಮೊದಲು ಕೋಬಾಲ್ಟ್‌ನ ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡ್‌ನರ್. ಅಂಗಡಿಯೋರು ಕೋಬಾಲ್ಟ್ ಮೊದಲೇ ಬೆರೆಸಿರೋ ರೆಸಿನ್ ಕೊಟ್ಟಿದಾರಾ ಅಂತ ಕೇಳ್ಕೊಳ್ಳಿ. ಹಾರ್ಡ್‌ನರ್ ನೂರು ಗ್ರಾಂ ರೆಸಿನ್‌ಗೆ ಒಂದರಿಂದ ಎರಡು ಗ್ರಾಂ. ನಮ್ಮ ಏಪ್ರಿಲ್ ಬಿಸಿಲಲ್ಲಿ ಒಂದೇ ಸಾಕು, ಇಲ್ಲಾಂದ್ರೆ ಬಳಿಯೋಕೆ ಮುಂಚೆ ಡಬ್ಬದಲ್ಲೇ ಗಟ್ಟಿ ಆಗುತ್ತೆ.

ಕೊನೇದಾಗಿ ಇಂಜಿನ್ ಕೂರೋ ಹಿಂದಿನ ಹಲಗೆ. ಇಂಜಿನ್‌ನ ಕೆಳಗಡೆ ಹಿಡ್ಕೊಂಡು ಮೇಲೆ ಕೆಳಗೆ ಅಲ್ಲಾಡಿಸಿ, ಹಲಗೆ ಬಾಗಿದ್ರೆ ಅಥವಾ ಬೋಲ್ಟ್ ತೂತಿಂದ ಕಂದು ಬಣ್ಣದ ನೀರು ಜಿನುಗಿದ್ರೆ ಒಳಗಿನ ಮರ ಕೊಳೀತಿದೆ. ಆ ಬೋಟ್ ಈ ಸೀಸನ್ ನೀರಿಗೆ ಇಳೀಬಾರ್ದು. ಬೋಲ್ಟ್ ತೂತುಗಳಿಗೆ ಪಾಲಿಯುರೆಥೇನ್ ಸೀಲೆಂಟ್ ಹಾಕಿ, ಬಾತ್ರೂಮ್ ಸಿಲಿಕೋನ್ ನೀರೊಳಗೆ ಬಹಳ ದಿನ ಬಾಳಿಕೆ ಬರಲ್ಲ.

ಹಂತ 3: ಇಂಜಿನ್

ಇಲ್ಲಿ ನಿಧಾನ ಮಾಡಿ, ಅವಸರ ಬೇಡ.

ಗೇರ್ ಆಯಿಲ್‌ನಿಂದ ಶುರು. ಇಂಜಿನ್ ನೆಟ್ಟಗೆ ನಿಲ್ಲಿಸಿ, ಕೆಳಗಿನ ಸ್ಕ್ರೂ ಸ್ವಲ್ಪ ಸಡಿಲಿಸಿ ಎರಡು ಹನಿ ಬೆರಳ ಮೇಲೆ ತಗೊಳ್ಳಿ. ಕಾಫಿಗೆ ಹಾಲು ಬೆರೆಸಿದ ಬಣ್ಣ ಬಂದ್ರೆ ಒಳಗೆ ನೀರು ಸೇರಿದೆ, ಸೀಲ್ ಹೋಗಿದೆ. ಸರಿ ಇದ್ರೂ ವರ್ಷಕ್ಕೊಂದು ಸಲ ಬದಲಾಯಿಸಿ: ಕೆಳಗಿನ ಸ್ಕ್ರೂ, ಮೇಲಿನ ಸ್ಕ್ರೂ ಎರಡೂ ಬಿಚ್ಚಿ ಪೂರ್ತಿ ಖಾಲಿ ಮಾಡಿ, ಹೊಸ ಆಯಿಲ್‌ನ ಕೆಳಗಿನ ತೂತಿಂದ ಪಂಪ್ ಮಾಡಿ, ಮೇಲಿನ ತೂತಲ್ಲಿ ಉಕ್ಕಿ ಬಂದಾಗ ಮೊದಲು ಮೇಲಿನ ಸ್ಕ್ರೂ ಹಾಕಿ, ಆಮೇಲೆ ಕೆಳಗಿಂದು. ಮೇಲಿಂದ ತುಂಬಿದ್ರೆ ಒಳಗೆ ಗಾಳಿ ಉಳ್ಕೊಂಡು ಅರ್ಧ ಗೇರ್ ಒಣಗಿರುತ್ತೆ, ನಿಮಗೆ ತುಂಬಿದಂಗೇ ಕಾಣ್ತಿರುತ್ತೆ. ಸ್ಕ್ರೂಗಳ ವಾಷರ್ ಹೊಸದು ಹಾಕಿ.

ಎರಡನೇದು ಇಂಜಿನ್ ತಣ್ಣಗಿಡೋಕೆ ನೀರು ಎಳೆಯೋ ವಾಟರ್ ಪಂಪ್. ಒಳಗಿರೋ ರಬ್ಬರ್ ಇಂಪೆಲ್ಲರ್‌ಗೆ (ನೀರು ತಳ್ಳೋ ಚಕ್ರ) ನೀರೇ ಎಣ್ಣೆ ಇದ್ದಂಗೆ, ನೀರಿಲ್ದೆ ಸ್ಟಾರ್ಟ್ ಮಾಡಿದ್ರೆ ಸುಟ್ಟೋಗೋಕೆ ಒಂದು ನಿಮಿಷನೂ ಬೇಡ. "ಒಂದ್ಸಲ ಸೌಂಡ್ ಕೇಳೋಣ" ಅಂತ ಮನೆ ಮುಂದೆ ಕಿಕ್ ಎಳೆಯೋ ಅಭ್ಯಾಸ ಇವತ್ತಿಗೇ ಬಿಡಿ. ಇನ್ನೂರು ಲೀಟರ್ ಡ್ರಮ್ಮಿಗೆ ನೀರು ತುಂಬಿ, ಪ್ರೊಪೆಲ್ಲರ್ ಮೇಲಿರೋ ಅಗಲ ತಟ್ಟೆ ಮುಳುಗೋ ಹಾಗೆ ಇಂಜಿನ್ ನಿಲ್ಲಿಸಿ, ಆಮೇಲೆ ಸ್ಟಾರ್ಟ್ ಮಾಡಿ. ಹಿಂದೆ ಸಣ್ಣ ತೂತಿಂದ ನೀರಿನ ಧಾರೆ ಬರ್ತಿರ್ಬೇಕು. ಧಾರೆ ಸಣ್ಣಗಿದ್ರೆ ಮೊದಲು ತೂತನ್ನ ಸಣ್ಣ ತಂತಿಲಿ ಚುಚ್ಚಿ ನೋಡಿ, ಎಷ್ಟೋ ಸಲ ಮಣ್ಣೋ ಜೇಡನ ಗೂಡೋ ಕಟ್ಕೊಂಡಿರುತ್ತೆ. ಆಮೇಲೂ ಬರಲಿಲ್ಲ ಅಂದ್ರೆ ಇಂಪೆಲ್ಲರ್. ಹಿನ್ನೀರಿನ ಸಣ್ಣ ಮರಳು ಮಣ್ಣು ರಬ್ಬರನ್ನ ಬೇಗ ಸವೆಸುತ್ತೆ, ಎರಡು ವರ್ಷಕ್ಕೊಂದು ಸಲ ಕೇಳದೆ ಬದಲಾಯಿಸಿ.

ಮೂರನೇದು ಪೆಟ್ರೋಲ್. ಟೂ ಸ್ಟ್ರೋಕ್ ಆದ್ರೆ ಮಾಮೂಲಿ ಲೆಕ್ಕ ಲೀಟರ್‌ಗೆ 20 ಎಂಎಲ್ ಆಯಿಲ್ (ಐವತ್ತಕ್ಕೆ ಒಂದು), ಹೊಸ ಇಂಜಿನ್‌ಗೆ, ಹಳೇ ಮಾಡೆಲ್‌ಗಳಿಗೆ ಜಾಸ್ತಿ ಬೇಕಾಗುತ್ತೆ, ಮ್ಯಾನುಯಲ್ ನೋಡಿ. ಈಗ ಬಂಕಲ್ಲಿ ಸಿಗೋ ಪೆಟ್ರೋಲಲ್ಲಿ ಎಥೆನಾಲ್ ಇರುತ್ತೆ, ಅದು ಗಾಳಿಯಲ್ಲಿರೋ ತೇವ ಎಳ್ಕೊಳ್ಳುತ್ತೆ. ತಿಂಗಳುಗಟ್ಟಲೆ ಟ್ಯಾಂಕಲ್ಲಿಟ್ರೆ ನೀರು ಬೇರೆಯಾಗಿ ತಳಕ್ಕೆ ಇಳಿಯುತ್ತೆ, ಇಂಜಿನ್ ಮೊದಲು ಎಳ್ಕೊಳ್ಳೋದು ಆ ತಳದ್ದನ್ನೇ. ಆವತ್ತಿಗೆ ಬೇಕಾದಷ್ಟೇ ತಗೊಂಡೋಗಿ, ಉಳಿದಿದ್ದನ್ನ ತಿಂಗಳೊಳಗೆ ಖರ್ಚು ಮಾಡಿ. ಪಾರದರ್ಶಕ ಬಟ್ಟಲಿರೋ ಫಿಲ್ಟರ್ ಹಾಕಿಸಿದ್ರೆ ನೀರು ಕೂತಿರೋದು ಕಣ್ಣಿಗೇ ಕಾಣುತ್ತೆ.

ಮೈಗೆ ಕಟ್ಕೊಳ್ಳೋ ಕಿಲ್ ಸ್ವಿಚ್ ದಾರ ಎಳೆದು ಇಂಜಿನ್ ಆಫ್ ಆಗುತ್ತಾ ಅಂತ ಡ್ರಮ್ಮಲ್ಲೇ ಚೆಕ್ ಮಾಡಿ. ಒಬ್ಬರೇ ಹೋಗೋವಾಗ ಬೋಟಿಂದ ಬಿದ್ರೆ ನಿಮ್ಮನ್ನ ಬಿಟ್ಟು ಬೋಟ್ ಹೊರಟೋಗದೆ ಇರೋದು ಆ ದಾರದಿಂದ.

ಹಂತ 4: ಬ್ಯಾಟರಿ ಮೋಟಾರ್ ಇದ್ದೋರಿಗೆ

12 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿ ಪೂರ್ತಿ ಚಾರ್ಜ್ ಆಗಿ ಸ್ವಲ್ಪ ಹೊತ್ತು ಸುಮ್ನೆ ಇಟ್ಟಾಗ 12.7 ವೋಲ್ಟ್ ಆಸುಪಾಸು ತೋರಿಸ್ಬೇಕು, 12.2ಕ್ಕೆ ಬಂದ್ರೆ ಅರ್ಧ ಖಾಲಿ, ಅಲ್ಲೇ ನಿಲ್ಲಿಸಿ. 100 ಆಂಪಿಯರ್ ಅವರ್ ಬ್ಯಾಟರಿಲಿ ನಿಮ್ಮದು ಅಂತ ಲೆಕ್ಕ ಹಾಕ್ಬೇಕಾಗಿರೋದು ಐವತ್ತೇ. ನಿಧಾನಕ್ಕೆ 12 ಆಂಪಿಯರ್ ಎಳೀತಿದ್ರೆ ನಾಲ್ಕು ಗಂಟೆ, ಗಾಳಿಗೆ ಎದುರಾಗಿ ಫುಲ್ ಸ್ಪೀಡಲ್ಲಿ 50 ಎಳೆದ್ರೆ ಒಂದು ಗಂಟೆನೂ ಕಷ್ಟ. ಅದಕ್ಕೇ ಹೋಗೋವಾಗ ಗಾಳಿಗೆ ಎದುರಾಗಿ ಹೋಗಿ, ಬರೋವಾಗ ಗಾಳಿ ತಳ್ಕೊಂಡು ಬರ್ಲಿ. ವೈರ್ ದಪ್ಪ ಇರ್ಲಿ, ಬ್ಯಾಟರಿ ಹತ್ರಾನೇ ಫ್ಯೂಸ್ ಇರ್ಲಿ, ವೈರ್ ಕೈಗೆ ಬಿಸಿ ಅನ್ಸಿದ್ರೆ ನಿಲ್ಲಿಸಿ. ಮನೆಗೆ ಬಂದ ರಾತ್ರೀನೇ ಚಾರ್ಜಿಗೆ ಹಾಕಿ.

ಹಂತ 5: ಮೀನು ನಿಲ್ಲೋ ಜಾಗ ಬೇಸಿಗೆಲೇ ನೋಡಿ ಇಟ್ಕೊಳ್ಳೋದು

ಇದನ್ನ ಮಾಡೋರು ಕಮ್ಮಿ, ಮಾಡಿದೋರಿಗೆ ಮೀನು ಸಿಗುತ್ತೆ.

ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಆವತ್ತಿನ ಮಟ್ಟ ಎಷ್ಟು ಅಂತ ಪೇಪರಲ್ಲಿ ಬರ್ತಾನೇ ಇರುತ್ತೆ. ಬೇಸಿಗೇಲಿ ನೀರು ಇಳಿದಾಗ ಹಿನ್ನೀರಿನ ಅಂಚಲ್ಲಿ ನಡ್ಕೊಂಡು ಹೋಗಿ. ಹಳೇ ಬದು, ಕಲ್ಲು ಕಟ್ಟೆ, ಮರದ ಬೊಡ್ಡೆ, ಹಳ್ಳ ಹರಿದ ದಾರಿ ಎಲ್ಲಾ ಬಯಲಾಗಿರುತ್ತೆ. ನೀರಿಗೆ ತಾಗಿಕೊಂಡಿರೋ ಒಂದೊಂದರ ಫೋಟೋ ತೆಗೆದು, ಫೋನಲ್ಲಿ ಲೊಕೇಶನ್ ಸೇವ್ ಮಾಡಿ, ಹೆಸರಿನ ಜಾಗದಲ್ಲಿ ಆವತ್ತಿನ ಮಟ್ಟ ಬರೀರಿ. ಮಟ್ಟ 105 ಇದ್ದ ದಿನ ನೀರಿನಂಚಲ್ಲಿ ಕಂಡ ಕಟ್ಟೆ, ನವೆಂಬರಲ್ಲಿ ಮಟ್ಟ 120 ಇದ್ರೆ 15 ಅಡಿ ನೀರಡಿ ಇರುತ್ತೆ, ಕಳೆಯೋ ಲೆಕ್ಕ ಅಷ್ಟೇ. ಹತ್ತು ಹನ್ನೊಂದು ಅಡಿಗೆ ಇಳಿಯೋ ಲ್ಯೂರ್ ಎಳೆದ್ರೆ ಕಟ್ಟೆಗೆ ಸಿಕ್ಕಾಕ್ಕೊಳ್ಳದೆ ಅದರ ನೆತ್ತಿ ಮೇಲೆ ಹಾದುಹೋಗುತ್ತೆ, ಪಕ್ಕದಲ್ಲಿ ಹೊಂಚು ಹಾಕ್ತಿರೋ ಬಾಳೆ ಮೀನಿಗೆ ಅದೇ ಬೇಕಾಗಿರೋದು. ಅದೇ ಪಟ್ಟಿ ಪ್ರೊಪೆಲ್ಲರನ್ನೂ ಉಳಿಸುತ್ತೆ, ಮಟ್ಟ 107ಕ್ಕೆ ಇಳಿದಾಗ ಆ ಕಟ್ಟೆ ಎರಡೇ ಅಡಿ ಕೆಳಗೆ ಕಾಯ್ತಿರುತ್ತೆ.

ಹುಷಾರು, ಮೇಲೆ ಒಣಗಿ ಬಿರಿದಂಗೆ ಕಾಣೋ ಮಣ್ಣಿನ ಅಡಿಲಿ ಸೊಂಟದ ತನಕ ಕೆಸರಿರುತ್ತೆ. ಕೋಲು ಹಿಡ್ಕೊಂಡು ಚುಚ್ಚಿ ನೋಡ್ತಾ ಹೋಗಿ, ಒಬ್ಬರೇ ಹೋಗ್ಬೇಡಿ.

ಹಂತ 6: ಲೈನ್, ಗಂಟು, ಡ್ರ್ಯಾಗ್

30 ಪೌಂಡ್ ಬ್ರೇಡ್ (ಹೆಣೆದ ಲೈನ್), ಮುಂದೆ ಒಂದೂವರೆ ಮೀಟರ್ 40 ಪೌಂಡ್ ಲೀಡರ್ (ಲ್ಯೂರ್ ಕಟ್ಟೋ ಗಟ್ಟಿ ತುಂಡು ಲೈನ್) ಸಾಕು. ಬಾಳೆ ಮೀನಿನ ಹಲ್ಲಿಗೆ ಬರೀ ಬ್ರೇಡ್ ನಿಲ್ಲಲ್ಲ. ಮಧ್ಯೆ ಒಳ್ಳೇ ಸ್ವಿವೆಲ್ (ತಿರುಗೋ ಕೊಂಡಿ) ಹಾಕಿ, ಇಲ್ದಿದ್ರೆ ತಿರುಗೋ ಸ್ಪೂನ್ ಲ್ಯೂರ್ ಅರ್ಧ ಗಂಟೇಲಿ ಲೈನೆಲ್ಲಾ ಹುರಿ ಮಾಡಿಬಿಡುತ್ತೆ. ಬ್ರೇಡ್ ನುಣುಪಾಗಿರುತ್ತೆ, ನೈಲಾನ್‌ಗೆ ಹಾಕೋ ಮಾಮೂಲಿ ಸುತ್ತುಗಂಟು ಜಾರುತ್ತೆ. ಪಾಲೋಮಾರ್ ಗಂಟು ಕಲೀರಿ, ಬಿಗಿ ಮಾಡೋ ಮುಂಚೆ ಒದ್ದೆ ಮಾಡಿ.

ಪರ್ಮನೆಂಟ್ ಮಾರ್ಕರ್‌ನಲ್ಲಿ ಪ್ರತಿ 10 ಮೀಟರ್‌ಗೆ ಲೈನ್ ಮೇಲೆ ಗುರುತು ಹಾಕಿ. ಎಷ್ಟು ಲೈನ್ ಬಿಟ್ಟಿದ್ದೆ ಅಂತ ಗೊತ್ತಿಲ್ದೆ ಒಂದು ಮೀನು ಸಿಕ್ರೆ ಎರಡನೇದು ಸಿಗೋದು ಬರೀ ಅದೃಷ್ಟ.

ಡ್ರ್ಯಾಗ್‌ನ (ಮೀನು ಎಳೆದಾಗ ಲೈನ್ ಬಿಡೋ ರೀಲಿನ ಬ್ರೇಕು) ಕೈ ಅಂದಾಜಲ್ಲಿ ಬಿಗಿ ಮಾಡ್ಬೇಡಿ. ರಾಡ್‌ನ ಹೋಲ್ಡರ್‌ನಲ್ಲಿಟ್ಟು ಲೈನ್ ತುದಿಗೆ ಸ್ಕೇಲ್ ಸಿಕ್ಕಿಸಿ ಎಳೀರಿ, ಮೂರು ಕೆಜಿಗೆ ರೀಲ್ ಬಿಡೋಕೆ ಶುರು ಮಾಡ್ಬೇಕು. ಬ್ರೇಡ್ ಹಿಗ್ಗಲ್ಲ, ಬೋಟ್ ಮುಂದಕ್ಕೆ ಹೋಗ್ತಾ ಇರುತ್ತೆ, ಡ್ರ್ಯಾಗ್ ಪೂರ್ತಿ ಬಿಗಿ ಇದ್ರೆ ಮೀನಿನ ಬಾಯಿ ಹರಿಯುತ್ತೆ ಇಲ್ಲಾ ರಾಡ್ ನೀರಿಗೆ ಹೋಗುತ್ತೆ.

ಹಂತ 7: ನೀರಲ್ಲಿ

1. ಲ್ಯೂರ್‌ನ ಮೊದಲು ಬೋಟ್ ಪಕ್ಕದಲ್ಲೇ ಒಂದೆರಡು ಮೀಟರ್ ಎಳೆದು ನೋಡಿ. ನೇರ ಈಜ್ಬೇಕು. ಒಂದು ಕಡೆಗೆ ವಾಲಿದ್ರೆ ಮೂಗಿನ ಬಳೆಯನ್ನ ಪ್ಲೇಯರಲ್ಲಿ ಅದು ಓಡೋ ಕಡೆಯ ವಿರುದ್ಧಕ್ಕೆ ಕೂದಲೆಳೆಯಷ್ಟು ಬಗ್ಗಿಸಿ. ಇದೊಂದು ನಿಮಿಷದ ಕೆಲಸ ಬಿಟ್ಟಿದ್ದಕ್ಕೇ ಎಷ್ಟೋ ಜನರ ಬೆಳಿಗ್ಗೆ ಪೂರ್ತಿ ಹಾಳಾಗಿದೆ.

2. ಬೋಟ್ ಓಡ್ತಾ ಇರೋವಾಗ್ಲೇ, ಹೆಬ್ಬೆರಳು ಸ್ಪೂಲ್ ಮೇಲಿಟ್ಟು ನಿಧಾನಕ್ಕೆ ಲೈನ್ ಬಿಡಿ. ದಿಢೀರ್ ಅಂತ ಬಿಟ್ರೆ ಲ್ಯೂರ್ ಮಗುಚಿ ಕೊಕ್ಕೆ ಲೈನಿಗೇ ಸಿಕ್ಕಾಕ್ಕೊಳ್ಳುತ್ತೆ, ನೀವು ಗಂಟೆಗಟ್ಟಲೆ ಬರೀ ಗೋಜಲು ಎಳೀತಿರ್ತೀರ. 25ರಿಂದ 30 ಮೀಟರಲ್ಲಿ ಶುರು ಮಾಡಿ. ಎರಡು ರಾಡ್ ಇದ್ರೆ ಒಂದು ಉದ್ದ ಒಂದು ಗಿಡ್ಡ, ಉದ್ದದ್ದನ್ನ ಮೊದಲು ಬಿಡಿ, ಎಳ್ಕೊಳ್ಳೋವಾಗ ಗಿಡ್ಡದ್ದು ಮೊದಲು.

3. ಸ್ಪೀಡ್ ಗಂಟೆಗೆ 3ರಿಂದ 5 ಕಿಲೋಮೀಟರ್, ಅಂದ್ರೆ ಆರಾಮಾಗಿ ನಡೆಯೋಷ್ಟು. ಫೋನ್ ಜಿಪಿಎಸ್ ನೋಡಿ, ಥ್ರಾಟಲ್ ನಂಬ್ಬೇಡಿ, ಗಾಳಿ ಹಿಂದಿದ್ರೆ ಅದೇ ಥ್ರಾಟಲಲ್ಲಿ ಬೋಟ್ ಜಾಸ್ತಿ ಓಡುತ್ತೆ. ಇಂಜಿನ್ ದೊಡ್ಡದಾಗಿ ಐಡ್ಲಿಂಗಲ್ಲೇ ಜಾಸ್ತಿ ಹೋಗ್ತಿದ್ರೆ ಬೋಟಿನ ಪಕ್ಕಕ್ಕೆ ಒಂದು ಗಟ್ಟಿ ಬಕೆಟ್ ಕಟ್ಟಿ ಎಳೀರಿ, ಹಗ್ಗ ಪ್ರೊಪೆಲ್ಲರ್ ತನಕ ಮುಟ್ಟದಷ್ಟು ಗಿಡ್ಡ ಇರ್ಲಿ.

4. ರಾಡ್ ತುದಿ ನೋಡ್ತಾ ಇರಿ. ಲ್ಯೂರ್ ಕೆಲಸ ಮಾಡ್ತಿದ್ರೆ ತುದಿ ಸಣ್ಣಗೆ ನಡುಗ್ತಾ ಇರುತ್ತೆ. ನಡುಕ ನಿಂತ್ರೆ ಸೊಪ್ಪು ಸಿಕ್ಕಿದೆ, ತಕ್ಷಣ ಎಳ್ಕೊಂಡು ಬಿಡಿಸಿ.

5. ನೇರ ಹೋಗ್ಬೇಡಿ, ಹಾವಿನ ಥರ ಡೊಂಕುಡೊಂಕಾಗಿ ಹೋಗಿ. ತಿರುಗೋವಾಗ ಹೊರಗಡೆ ಲ್ಯೂರ್ ಸ್ಪೀಡ್ ಆಗುತ್ತೆ, ಒಳಗಡೇದು ನಿಧಾನ ಆಗುತ್ತೆ. ಮೀನು ಯಾವ ಕಡೆ ಹೊಡೀತು ಅಂತ ನೋಡಿದ್ರೆ ಆವತ್ತು ಸ್ಪೀಡ್ ಜಾಸ್ತಿ ಮಾಡ್ಬೇಕಾ ಕಮ್ಮಿ ಮಾಡ್ಬೇಕಾ ಅಂತ ಮೀನೇ ಹೇಳಿಬಿಡುತ್ತೆ.

6. ಟೂ ಸ್ಟ್ರೋಕ್ ಇಂಜಿನ್ನೋರು ಅರ್ಧ ಗಂಟೆಗೊಂದ್ಸಲ ಲೈನ್ ಎಲ್ಲಾ ಎಳ್ಕೊಂಡು ಒಂದೆರಡು ನಿಮಿಷ ಥ್ರಾಟಲ್ ಕೊಟ್ಟು ಓಡ್ಸಿ, ಬರೀ ನಿಧಾನಕ್ಕೇ ಓಡ್ತಿದ್ರೆ ಪ್ಲಗ್‌ಗೆ ಕಪ್ಪು ಎಣ್ಣೆ ಕಟ್ಟಿ ಮಿಸ್ ಹೊಡೆಯುತ್ತೆ.

ಬಲೆ ವಿಷಯ. ಊರಿನ ಮೀನುಗಾರರು ಸಂಜೆ ಬಿಟ್ಟ ಬಲೆನ ಬೆಳಿಗ್ಗೆ ತೆಗೀತಾರೆ, ನೀವು ಹೋಗೋದೂ ಅದೇ ಹೊತ್ತಿಗೆ. ತೇಲೋ ಥರ್ಮೋಕೋಲ್ ತುಂಡು, ಪ್ಲಾಸ್ಟಿಕ್ ಬಾಟಲಿ ಸಾಲಾಗಿ ಕಂಡ್ರೆ ಸುತ್ತಿ ಹೋಗಿ. ಒಂದ್ಸಲ ಮೀನಾಕ್ಷಿಪುರದ ಕಡೆ ತೆಪ್ಪದಲ್ಲಿದ್ದ ಒಬ್ಬ ಹಿರಿಯರು ದೂರದಿಂದ್ಲೇ "ಅಣ್ಣಾ ಇಂಜಿನ್ ಎತ್ಕಳಿ, ಬಲೆ ಅದೆ" ಅಂತ ಕೂಗಿದ್ರು, ಅವರು ಕೂಗದೆ ಇದ್ದಿದ್ರೆ ಅವರ ಆವತ್ತಿನ ದುಡಿಮೆನೂ ಹೋಗ್ತಿತ್ತು, ನನ್ನ ಪ್ರೊಪೆಲ್ಲರೂ ಹೋಗ್ತಿತ್ತು. ಅವರು ಹೊಟ್ಟೆಪಾಡಿಗೆ ಬಂದಿರ್ತಾರೆ, ದಾರಿ ಅವರಿಗೆ ಬಿಡಿ.

ಹಂತ 8: ಮೀನು ಹೊಡೆದಾಗ

ಖುಷೀಲಿ ಎಲ್ಲರೂ ಇಂಜಿನ್ ತಕ್ಷಣ ಆಫ್ ಮಾಡ್ತಾರೆ. ಆಗ ಎರಡೂ ಲೈನ್ ಸಡಿಲ ಆಗಿ, ಮೀನು ಉದುರಿ, ಇನ್ನೊಂದು ಲೈನ್ ಮುಳುಗಿ ಪ್ರೊಪೆಲ್ಲರ್ ಕೆಳಗೆ ಬರುತ್ತೆ. ಹಾಗೆ ಮಾಡ್ಬೇಡಿ. ಬೋಟ್ ನಿಧಾನಕ್ಕೆ ಮುಂದಕ್ಕೆ ಹೋಗ್ತಾನೇ ಇರ್ಲಿ, ಜೊತೇಲಿರೋರು ಖಾಲಿ ರಾಡ್ ಪೂರ್ತಿ ಎಳ್ಕೊಳ್ಳಲಿ, ಆಮೇಲೆ ನ್ಯೂಟ್ರಲ್. ಮೀನು ಹತ್ರ ಬಂದಾಗ ಇಂಜಿನ್ ಆಫ್.

ಬ್ರೇಡ್ ಪ್ರೊಪೆಲ್ಲರ್‌ಗೆ ಸುತ್ಕೊಂಡ್ರೆ ಹೊರಗೆ ಕಾಣೋದನ್ನ ಕತ್ತರಿಸಿ ಮುಗೀತು ಅಂದ್ಕೋಬೇಡಿ. ನಾನು ಹಾಗೇ ಅಂದ್ಕೊಂಡು ಒಂದು ಸೀಸನ್ ಪೂರ್ತಿ ಓಡಿಸಿದ್ದೆ, ಆಯಿಲ್ ತೆಗೆದಾಗ ಹಾಲು ಬಣ್ಣ. ವಾಷರ್ ಹಿಂದೆ ಶಾಫ್ಟ್‌ಗೆ ಸುತ್ಕೊಂಡಿದ್ದ ಬ್ರೇಡ್ ಸೀಲ್‌ನ ಕೊಯ್ದು ಹಾಕಿತ್ತು. ಆವತ್ತಿನ ದಿನವೇ ಕಾಟರ್ ಪಿನ್ ಬಿಚ್ಚಿ, ಪ್ರೊಪೆಲ್ಲರ್ ತೆಗೆದು, ವಾಷರ್ ಹಿಂದಿನ ತನಕ ನೋಡಿ, ಕೊನೇ ಎಳೆ ತನಕ ತೆಗೆದು, ಶಾಫ್ಟ್‌ಗೆ ನೀರು ತಡೆಯೋ ಗ್ರೀಸ್ ಹಚ್ಚಿ, ಹೊಸ ಪಿನ್ ಹಾಕಿ.

ಯಾವ ಲಕ್ಷಣ ಕಂಡ್ರೆ ವಾಪಸ್ ತಿರುಗ್ಬೇಕು

ಕೂಲಿಂಗ್ ನೀರಿನ ಧಾರೆ ನಿಂತ್ರೆ ಇಂಜಿನ್ ಆಗಿಂದಾಗ್ಲೇ ಆಫ್, ತಣ್ಣಗಾದ್ಮೇಲೆ ನೀರು ಎಳ್ಕೊಳ್ಳೋ ಜಾಲರಿಗೆ ಸೊಪ್ಪು ಪ್ಲಾಸ್ಟಿಕ್ ಅಂಟಿದೆಯಾ ನೋಡಿ, ಇಲ್ಲಾಂದ್ರೆ ಹುಟ್ಟು ಹಾಕ್ಕೊಂಡು ಬನ್ನಿ. ಇಂಜಿನ್ ಸೌಂಡ್ ಏರುತ್ತೆ ಬೋಟ್ ಮಾತ್ರ ಹೋಗಲ್ಲ ಅಂದ್ರೆ ಶಿಯರ್ ಪಿನ್ ಮುರಿದಿದೆ. ಎತ್ತಿ ಹಾಕಿದ ನೀರು ಹತ್ತು ನಿಮಿಷದಲ್ಲಿ ಮತ್ತೆ ಅಷ್ಟೇ ತುಂಬಿದ್ರೆ ಮೀನು ಮರೆತುಬಿಡಿ. ಏಪ್ರಿಲ್ ಮೇ ಸಂಜೆ ಮೋಡ ಕಟ್ಟಿ ತಣ್ಣನೆ ಗಾಳಿ ಬೀಸಿದ್ರೆ ಮಳೆಗೆ ಕಾಯ್ಬೇಡಿ, ಕಾರ್ಬನ್ ರಾಡ್ ಮಲಗಿಸಿ ಹತ್ರದ ದಡಕ್ಕೆ ಹೋಗಿ. ತೆರೆದ ನೀರಲ್ಲಿ ಸಿಡಿಲಿಗೆ ಎತ್ತರದಲ್ಲಿ ಸಿಗೋದು ನೀವೇ.

ಹಂತ 9: ಮನೆಗೆ ಬಂದ್ಮೇಲೆ

ಡ್ರಮ್ಮಲ್ಲಿ ಐದು ನಿಮಿಷ ಓಡ್ಸಿ ಒಳಗಿನ ಮಣ್ಣು ತೊಳೀಲಿ, ಕೊನೇಲಿ ಪೆಟ್ರೋಲ್ ಪೈಪ್ ಕಿತ್ತು ಅದಾಗೇ ನಿಲ್ಲೋ ತನಕ ಬಿಡಿ, ಕಾರ್ಬ್ಯುರೇಟರ್ ಒಣಗಿರುತ್ತೆ. ಇಂಜಿನ್ ನೆಟ್ಟಗೆ ನಿಲ್ಲಿಸಿ, ನೀರೆಲ್ಲಾ ಇಳೀಬೇಕು. ಟ್ರೈಲರ್ ಇದ್ದೋರು ಮುಂದಿನ ಸಲ ರೋಡಲ್ಲಿ ಎಳ್ಕೊಂಡು ದಡಕ್ಕೆ ಬಂದ ತಕ್ಷಣ ಚಕ್ರ ನೀರಿಗೆ ಮುಳುಗಿಸ್ಬೇಡಿ, ಬಿಸಿ ಬೇರಿಂಗ್ ತಣ್ಣೀರಿಗೆ ಬಿದ್ರೆ ಒಳಗೆ ನೀರು ಎಳ್ಕೊಳ್ಳುತ್ತೆ. ಹದಿನೈದು ನಿಮಿಷ ನಿಲ್ಲಿಸಿ ಆಮೇಲೆ ಇಳಿಸಿ.

ಬೋಟನ್ನ ಮುಂಭಾಗ ಎತ್ತರ ಮಾಡಿ ಇಟ್ಟು, ಟಾರ್ಪಾಲ್ ಕೆಳಗೆ ಗಾಳಿ ಆಡೋಕೆ ಜಾಗ ಬಿಡಿ. ಶೆಡ್ಡಲ್ಲಿ ಇಲಿ ಕಾಟ ಇದ್ರೆ ಪೆಟ್ರೋಲ್ ಪೈಪು, ಲೈಫ್ ಜಾಕೆಟ್ ಮನೆಯೊಳಗೆ ನೇತು ಹಾಕಿ. ಬೋಟಿನ ಡ್ರೇನ್ ಪ್ಲಗ್ ಬಿಚ್ಚಿ ಕಿಲ್ ಸ್ವಿಚ್ ದಾರಕ್ಕೇ ಕಟ್ಟಿಡಿ. ಆ ದಾರ ಸಿಕ್ಕಿಸದೆ ಇಂಜಿನ್ ಸ್ಟಾರ್ಟ್ ಆಗಲ್ಲ, ಹಾಗಾಗಿ ಮುಂದಿನ ಸಲ ಹೊರಡೋವಾಗ ಪ್ಲಗ್ ತಾನಾಗೇ ಕೈಗೆ ಬರುತ್ತೆ.